ಗಂಜಿ ಬಾನಿಯ ಬಂಗಾರ ಮೀನು

ನಾಟಕ ಕಂಪನಿ ಬನಹಟ್ಟಿಯ ಮುಕ್ಕಾಮು ಕಿತ್ತು ಮುಧೋಳಕ್ಕೆ ಹೊರಟ ದಿನ ದಶರಥನಿಗೆ ಎದ್ದು ಕೂಡಲೂ ತ್ರಾಣವಿರಲಿಲ್ಲ. ವಿಷಮಜ್ವರ ಇಳಿದಿತ್ತು. ಆದರೆ ಇಳಿಯುವಾಗ ಅದು ಅವನ ದನಿಯನ್ನೂ ತಲೆಗೂದಲನ್ನೂ ಒಯ್ದಿತ್ತು. ಮೀಸೆ ಮೂಡುವ ಮೊದಲೇ ಕಂಪನಿ ಸೇರಿ, ರಾಣಿಯರ ಪಾತ್ರವನ್ನಷ್ಟೇ ಮಾಡುತ್ತ ಬಂದವನು ಅವನು. ಸೊಂಟದವರೆಗೆ ಬೆಳೆಸಿದ್ದ ಕೂದಲು ದಿಂಬಿನ ಮೇಲೆ ಕಂತೆಯಾಗಿ ಉದುರಿ ಬಿದ್ದಿತ್ತು. ಮಾತಾಡಿದರೆ ಗಂಟಲಿನಿಂದ ಹರಕು ಬಟ್ಟೆ ಸೀಳಿದಂಥ ಸದ್ದು ಬರುತ್ತಿತ್ತು.

ಅವನು ಇಳಿದುಕೊಂಡಿದ್ದು ನೇಕಾರರ ಓಣಿಯ ಸತ್ಯವ್ವನ ಮನೆಯಲ್ಲಿ. ಸತ್ಯವ್ವ ವಿಧವೆ, ಐವತ್ತರ ಆಚೆಯವಳು. ಗಂಡ ಹೋದ ಮೇಲೆ ಅಕ್ಕಪಕ್ಕದ ಮಗ್ಗದವರಿಗೆ ಲಾಳಿಯ ಕಂಡಿಕೆಗೆ ನೂಲು ಸುತ್ತಿಕೊಟ್ಟು ಬದುಕುತ್ತಿದ್ದಳು. ಕಂಪನಿ ಊರಿಗೆ ಬಂದಾಗ ಹಿಂದಿನ ಕೋಣೆಯನ್ನು ನಟರಿಗೆ ಬಾಡಿಗೆ ಕೊಟ್ಟಿದ್ದಳು. ಉಳಿದವರೆಲ್ಲ ಗಂಟುಮೂಟೆ ಕಟ್ಟಿದರು. ದಶರಥ ಉಳಿದ. ಅವನ ಜೊತೆಗೆ ತಾಮ್ರದ ಹಂಡೆಯಲ್ಲಿ ಒಂದು ಮೀನೂ ಉಳಿಯಿತು.

ಆ ಮೀನನ್ನು ಕಂಪನಿಯ ಮಾಲಕ ಕಾಶಪ್ಪ ಮುಂಬಯಿಯಿಂದ ತಂದಿದ್ದ. ಮೈಯೆಲ್ಲ ಬಂಗಾರದ ಬಣ್ಣ, ಸೆರಗಿನಂತೆ ಇಳಿಬಿದ್ದ ಬಾಲ. ರಾಜ ಕೈಬಿಟ್ಟ ರಾಣಿ ಅಂತಃಪುರದಲ್ಲಿ ಒಬ್ಬಳೇ ಕೂತು ಗಾಜಿನ ಪಾತ್ರೆಯೊಳಗಿನ ಮೀನಿಗೆ ತನ್ನ ಸಂಕಟ ಹೇಳಿಕೊಳ್ಳುವ ಪ್ರವೇಶವೊಂದಿತ್ತು. ಪಾತ್ರೆಯ ಹಿಂದೆ ಗ್ಯಾಸಬತ್ತಿ ಹಚ್ಚಿಟ್ಟರೆ ಮೀನು ಉರಿಯುವ ದೀಪದಂತೆ ಕಾಣುತ್ತಿತ್ತು. ತೇರದಾಳ, ರಬಕವಿಗಳಿಂದ ಚಕ್ಕಡಿ ಕಟ್ಟಿಕೊಂಡು ಬಂದ ಜನ ಆ ಪ್ರವೇಶ ಮುಗಿಯುವವರೆಗೆ ಕೆಮ್ಮುತ್ತಿರಲಿಲ್ಲ. ಬೆಳಗಾವಿಗೆ ಮಾತಾಡುವ ಸಿನೆಮಾ ಬಂದು ಎಲ್ಲ ಕಂಪನಿಗಳೂ ಬಡವಾಗುತ್ತಿದ್ದ ಕಾಲದಲ್ಲಿ ಈ ಕಂಪನಿಯನ್ನು ಆ ಮೀನೇ ನಡೆಸುತ್ತಿತ್ತು ಎಂದರೂ ನಡೆದೀತು.

ದಶರಥ ಮಲಗಿದ ದಿನಗಳಲ್ಲಿಯೇ ಮೀನೂ ಕಾಯಿಲೆ ಬಿತ್ತು. ಮೈಮೇಲೆ ರವೆ ಚೆಲ್ಲಿದಂತೆ ಬಿಳಿ ಚುಕ್ಕೆಗಳೆದ್ದವು. ರೆಕ್ಕೆ ಮಡಚಿಕೊಂಡು ತಳದಲ್ಲಿ ವಾರೆಯಾಗಿ ನಿಲ್ಲತೊಡಗಿತು. ಹೊರಡುವ ಗಡಿಬಿಡಿಯಲ್ಲಿ ಕಾಶಪ್ಪ, “ಸಾಯೂದನ್ನ ಯಾಕ ಹೊತಗೊಂಡ ಹೋಗೂದು? ಬಾವ್ಯಾಗ ಚೆಲ್ರಿ” ಎಂದ. ಹಾಸಿಗೆಯ ಮೇಲಿದ್ದ ದಶರಥ ಕೈ ಮುಗಿದ. ಹೋಗಲಿ ಎಂದು ಮೀನನ್ನು ಅವನ ಹತ್ತಿರ ಬಿಟ್ಟರು. ಗಾಜಿನ ಪಾತ್ರೆಯನ್ನು ಮಾತ್ರ ಹುಲ್ಲಿನಲ್ಲಿ ಸುತ್ತಿ ಒಯ್ದರು.

“ಆರಾಮ ಆಗು. ಗಾಡಿ ಕಳಸ್ತೀನಿ” ಎಂದು ಕಾಶಪ್ಪ ಅವನ ತಲೆ ಸವರಿದ. ಹೊರಗೆ ಬಂದು ಸತ್ಯವ್ವನ ಮುಂದೆ ಹೇಳಿದ್ದೇ ಬೇರೆ.

“ಯವ್ವಾ, ಅವಗ ಮೈಯಾಗ ಕಸುವು ಬಂದ ಮ್ಯಾಲೆ ಅವರ ಊರಿಗೆ ಕಳಿಸಿಬಿಡ್ರಿ. ಅವನ ಪಾತ್ರಕ್ಕ ಬ್ಯಾರೆ ಹುಡುಗ ಸಿಕ್ಕಾನ.”

“ಅದನ್ನ ನೀವ ಹೇಳ್ರಲ್ಲ, ಒಳಗ ಮಕ್ಕೊಂಡಾನ.”

“ನನ್ನ ಕೈಲೆ ಆಗೂದಿಲ್ರಿ” ಎಂದು ಕಾಶಪ್ಪ ಮುಖ ತಿರುಗಿಸಿ ಗಾಡಿ ಹತ್ತಿದ.

ಸತ್ಯವ್ವನ ಕೈಯಲ್ಲೂ ಆಗಲಿಲ್ಲ. ನಾಲ್ಕು ತುತ್ತು ಉಣ್ಣುವಂತಾಗಲಿ, ಆಮೇಲೆ ಹೇಳಿದರಾಯಿತು ಎಂದುಕೊಂಡಳು.

ಮೀನು ಅವಳಿಗೆ ಬೇಡವೇ ಆಗಿತ್ತು. “ನಮ್ಮ ಮನ್ಯಾಗ ಮೀನಂದ್ರ ಹೆಸರ ಸೈತ ತಗಿಯೂದಿಲ್ಲೋ ತಮ್ಮಾ. ಪೂಜಿ ಮಾಡೂ ಮನಿ ಇದು.”

“ಯವ್ವಾ, ಇದನ್ನೇನ ತಿನ್ನಾಕ ಇಟಗೊಂಡೇನಿ ಏನು? ಬ್ಯಾನಿ ಬಂದದ್ದು. ನನ್ನಂಗ.”

ಅವಳು ಹಂಡೆಯೊಳಗೆ ಒಮ್ಮೆ ಇಣುಕಿ, ರಾಟಿಯ ಮುಂದೆ ಹೋಗಿ ಕೂತಳು.

ಗೋಡೆ ಹಿಡಿದು ನಡೆಯುವಷ್ಟಾದ ಕೂಡಲೆ ದಶರಥ ಹಂಡೆಯ ಮುಂದೆ ಕುಕ್ಕರಗಾಲಲ್ಲಿ ಕೂತ. ಮೀನು ಮೇಲಕ್ಕೆ ಬಂದು ಬಾಯಿ ತೆರೆದು ಮುಚ್ಚುತ್ತಿತ್ತು. ಹಂಡೆಯ ಗೋಡೆಗೆ ಮೈ ಉಜ್ಜುತ್ತಿತ್ತು. ಮುಂಬಯಿಯಲ್ಲಿ ಅದನ್ನು ಮಾರಿದವನು ಏನೇನೋ ಹೇಳಿದ್ದ. ತಾಮ್ರದಲ್ಲಿ ಇಡಬೇಡಿ, ಹೊಸ ನೀರನ್ನು ಒಮ್ಮೆಲೆ ಹಾಕಬೇಡಿ, ಚುಕ್ಕೆ ಎದ್ದರೆ ಉಪ್ಪು. ಕಾಶಪ್ಪನ ಪಕ್ಕದಲ್ಲಿ ನಿಂತು ಕೇಳಿಸಿಕೊಂಡದ್ದರಲ್ಲಿ ಅರ್ಧ ದಶರಥನಿಗೆ ಮರೆತೇ ಹೋಗಿತ್ತು.

“ಯವ್ವಾ, ಮಣ್ಣಿನದು ದೊಡ್ಡದು ಏನರ ಐತೇನು?”

ಇದ್ದದ್ದು ಗಂಜಿ ಬಾನಿ ಒಂದೇ. ಗಂಡ ಬದುಕಿದ್ದಾಗ ನೂಲಿಗೆ ಗಂಜಿ ಹಾಕುತ್ತಿದ್ದ ಅಗಲಬಾಯಿಯ ಮಣ್ಣಿನ ಪಾತ್ರೆ, ಹಿತ್ತಲಲ್ಲಿ ಬೋರಲು ಬಿದ್ದಿತ್ತು. ಸತ್ಯವ್ವ ಸ್ವಲ್ಪ ಹೊತ್ತು ಅದರ ಮುಂದೆ ನಿಂತಳು. ಆಮೇಲೆ ತೆಂಗಿನ ನಾರಿನಿಂದ ತಿಕ್ಕಿ ತಿಕ್ಕಿ ತೊಳೆದು, ಸೀನೀರ ಬಾವಿಯಿಂದ ಎರಡು ಕೊಡ ನೀರು ತಂದು ತುಂಬಿದಳು. ಆ ನೀರನ್ನು ಒಂದು ದಿನ ಬಿಸಿಲಿಗಿಟ್ಟು ದಶರಥ ಮೀನನ್ನು ಅದಕ್ಕೆ ಬಿಟ್ಟ.

ಉಪ್ಪು ಎಷ್ಟು ಎಂಬುದು ಗೊತ್ತಿರಲಿಲ್ಲ. ಮೊದಲ ಸಲ ಹಾಕಿದ್ದು ಜಾಸ್ತಿಯಾಯಿತು. ಮೀನು ಒಮ್ಮೆ ಚಿಮ್ಮಿ, ಹೊಟ್ಟೆ ಮೇಲಾಗಿ ಮಗುಚಿತು. ದಶರಥ ಕೂಗಲು ಬಾಯಿ ತೆರೆದ. ಕೂಗು ಹೊರಡಲಿಲ್ಲ. ಅದನ್ನು ಕಂಡ ಸತ್ಯವ್ವನೇ ಓಡಿ ಬಂದು ಬಾನಿಯ ನೀರನ್ನು ತಂಬಿಗೆಯಿಂದ ತೋಡಿ ಚೆಲ್ಲುತ್ತ ಸಪ್ಪೆ ನೀರು ಹಾಕಿದಳು. ಅವನು ಮೀನನ್ನು ಅಂಗೈಯಲ್ಲಿ ಹಿಡಿದು ನೀರೊಳಗೆ ಮೆಲ್ಲಗೆ ಆಡಿಸುತ್ತ ಕೂತ. ಬಹಳ ಹೊತ್ತಿನ ಮೇಲೆ ಕಿವಿರು ಅಲುಗಿತು.

“ಜೀವ ಐತೋ?”

“ಐತಿ, ಯವ್ವಾ.”

ಮರುದಿನದಿಂದ ನಾಲಿಗೆಯ ತುದಿಗೆ ಹಚ್ಚಿ ನೋಡಿ, ಸಪ್ಪೆಯೋ ಉಪ್ಪೋ ತಿಳಿಯದ ಹಾಗೆ ಹಾಕತೊಡಗಿದ. ದಿನಾ ಬೆಳಿಗ್ಗೆ ಸ್ವಲ್ಪ ನೀರು ತೆಗೆದು ಸ್ವಲ್ಪ ಹಾಕುವುದು. ತಂಪಾದರೆ ಚುಕ್ಕೆ ಹೆಚ್ಚುತ್ತವೆಂದು ಅನ್ನಿಸಿ, ಅಂಗಳದ ಬಿಸಿಲು ಸರಿದ ಹಾಗೆ ಬಾನಿಯನ್ನೂ ಇಬ್ಬರೂ ಹಿಡಿದು ಸರಿಸುವುದು. ಮಧ್ಯಾಹ್ನ ಬಿಸಿಲು ಬಲಿತರೆ ಮೇಲೆ ಹಸಿ ಗೋಣಿ ಹೊದಿಸುವುದು. ಸತ್ಯವ್ವ ರಾಟಿ ತಿರುಗಿಸುತ್ತಲೇ ಕತ್ತು ಚಾಚಿ ನೋಡುತ್ತಿದ್ದಳು. ಅನ್ನದ ಅಗುಳನ್ನು ಉಗುರಿನಲ್ಲಿ ಹಿಸುಕಿ ಹಾಕಲು ಅವಳೇ ಶುರು ಮಾಡಿದಳು. ಮೊದಮೊದಲು ಅಗುಳು ತಳಕ್ಕಿಳಿದು ಹಾಗೇ ಇರುತ್ತಿತ್ತು. ಒಂದು ದಿನ ಮೀನು ಮೂತಿಯಿಂದ ಅದನ್ನು ನೂಕಿ, ಬಾಯಿಗೆ ತೆಗೆದುಕೊಂಡು, ಉಗುಳಿ, ಮತ್ತೆ ತೆಗೆದುಕೊಂಡಿತು. ಅವತ್ತು ದಶರಥನೂ ಎರಡು ರೊಟ್ಟಿ ಉಂಡ.

ಹೋಳಿ ಹುಣ್ಣಿಮೆ ಕಳೆಯಿತು. ಚುಕ್ಕೆಗಳು ಒಂದೊಂದಾಗಿ ಉದುರಿದವು. ಆದರೂ ಮೀನು ನೆಟ್ಟಗೆ ಈಜುತ್ತಿರಲಿಲ್ಲ. ಬಲಕ್ಕೆ ವಾಲುತ್ತ ಹೋಗಿ ಗೋಡೆ ತಾಕಿ ನಿಲ್ಲುತ್ತಿತ್ತು.

ದಶರಥನ ದನಿಯೂ ಅಷ್ಟೇ ಆಗಿತ್ತು. ಹಿತ್ತಲಲ್ಲಿ ನಿಂತು ರಾಣಿಯ ಮಾತುಗಳನ್ನು ಹೇಳಿ ನೋಡುತ್ತಿದ್ದ. ನಾಲ್ಕು ಮಾತು ಸರಿಯಾಗಿ ಬಂದು ಐದನೆಯದು ಒಡೆಯುತ್ತಿತ್ತು. ಬೋಳಾದ ತಲೆಯ ಮೇಲೆ ಸೆರಗು ಸರಿಪಡಿಸಿಕೊಳ್ಳುವಂತೆ ಅವನ ಕೈ ತನ್ನಷ್ಟಕ್ಕೆ ಮೇಲೇಳುತ್ತಿತ್ತು. ಹಿತ್ತಲಾಚೆಯ ಬಾವಿಗೆ ನೀರು ಸೇದಲು ಬಂದ ಹೆಂಗಸರು ನಗುತ್ತಿದ್ದರು. ಸತ್ಯವ್ವ ಅವರನ್ನು ಬೈದು ಕಳಿಸುತ್ತಿದ್ದಳು.

“ಮೀನ ನೆಟ್ಟಗಾಗೂದರಾಗ ನಂದೂ ಗಂಟಲ ಬಿಟಗೋತೈತಿ ಯವ್ವಾ. ಗಾಡಿ ಬರೂದು ಇನ್ನ ತಡ ಇಲ್ಲ” ಎನ್ನುತ್ತಿದ್ದ.

“ಬರ್ಲಿ ಬಿಡು” ಎನ್ನುತ್ತಿದ್ದಳು ಸತ್ಯವ್ವ, ಎಳೆಯಿಂದ ಕಣ್ಣೆತ್ತದೆ. ಹೇಳಬೇಕೆಂದು ಬಾಯಿವರೆಗೆ ಬಂದದ್ದು ಎಷ್ಟು ಸಲವೋ. ಅವನ ಮುಖ ನೋಡಿದರೆ ಮಾತು ಹಿಂದಕ್ಕೆ ಹೋಗುತ್ತಿತ್ತು.

ಯುಗಾದಿಯ ಮರುವಾರ ಗಾಡಿ ಬಂದೇಬಿಟ್ಟಿತು. ಹೊಡೆದುಕೊಂಡು ಬಂದವನು ಗಿರಮಲ್ಲಪ್ಪ, ಪರದೆ ಎಳೆಯುವ, ಸಾಮಾನು ಕಾಯುವ ಕಂಪನಿಯ ಹಳೆಯ ಆಳು. ಎತ್ತಿನ ಗೆಜ್ಜೆ ಕೇಳಿದ್ದೇ ದಶರಥ ಹೊರಗೆ ಬಂದ. “ಬಾ, ಗಿರಮಲ್ಲಪ್ಪಾ, ಬಾ! ನೀರ ಕುಡಿ. ಒಂದ ಚೂರ ತಡಿ” ಎಂದವನೇ ಒಳಗೆ ಓಡಿ, ಟ್ರಂಕಿನಿಂದ ಮಡಿ ಅಂಗಿ ತೆಗೆದು ತೊಟ್ಟ, ಹಾಸಿಗೆ ಸುತ್ತಿದ, ರುಮಾಲು ಬಿಗಿದ.

ಗಿರಮಲ್ಲಪ್ಪ ಕಟ್ಟೆಯ ಮೇಲೆ ಕೂತು ನೀರಿನ ತಂಬಿಗೆಯನ್ನು ಕೈಯಲ್ಲಿ ತಿರುಗಿಸುತ್ತಿದ್ದ. ಸತ್ಯವ್ವ ಅವನ ಮುಖ ನೋಡಿದಳು. ಅವನು ನೆಲ ನೋಡಿದ.

ಟ್ರಂಕು ಹೊತ್ತು ಹೊರಗೆ ಬಂದ ದಶರಥನಿಗೆ ಗಿರಮಲ್ಲಪ್ಪ ಹೇಳಲೇಬೇಕಾಯಿತು.

“ಮಾಸ್ತರ, ಮೀನ ಬದುಕೇತಿ ಅಂತ ಸಂತ್ಯಾಗ ಯಾರೋ ಮಾಲಕರಿಗೆ ಹೇಳಿದ್ರಂತ್ರಿ. ನಾಳೆ ಮುಧೋಳದಾಗ ದೊಡ್ಡ ಮಂದಿ ನಾಟಕ ನೋಡಾಕ ಬರೂದೈತಿ. ಅದಕ್ಕ...”

“ಅದಕ್ಕ ನಡಿ ಮತ್ತ, ಹೊತ್ತಾಕ್ಕೈತಿ.”

“ಮೀನಷ್ಟ ತಗೊಂಡ ಬಾ ಅಂದಾರ್ರಿ.”

ದಶರಥನಿಗೆ ತಿಳಿಯಲಿಲ್ಲ. “ಮತ್ತ ನಾ?”

“ಹೊಸ ಹುಡುಗ ಬಂದಾನ್ರಿ. ಬೈಲಹೊಂಗಲ ಕಡಿಯಾಂವ. ಯುಗಾದಿಗೆ ರಾಣಿ ಪಾರ್ಟ ಅಂವನ ಮಾಡಿದ.” ಗಿರಮಲ್ಲಪ್ಪ ತಂಬಿಗೆಯನ್ನು ಕೆಳಗಿಟ್ಟ. “ನನಗ ಬೈಬ್ಯಾಡ್ರಿ ಮಾಸ್ತರ. ನಾ ಗಾಡಿ ಹೊಡಿಯಾಂವ.”

ದಶರಥ ಟ್ರಂಕನ್ನು ಇಳಿಸಿ ಅದರ ಮೇಲೆಯೇ ಕೂತ. ಸತ್ಯವ್ವ ಗಿರಮಲ್ಲಪ್ಪನ ಎದುರಿಗೆ ಬಂದು ನಿಂತಳು.

“ಸತ್ತೈತಿ ಅಂತ ಹೇಳಿ ಹೋಗು. ನಾ ಕೊಡೂದಿಲ್ಲ.”

“ಯವ್ವಾ, ನನ್ನ ಹೊಟ್ಟಿ ಮ್ಯಾಲೆ ಹೊಡಿಬ್ಯಾಡ್ರಿ.”

“ಈ ಉರಿಬಿಸಲಾಗ ಅದು ಮುಧೋಳ ಮುಟ್ಟತೈತೇನು? ಇನ್ನೂ ನೆಟ್ಟಗ ಈಸಾಕ ಬರವಲ್ತು ಅದಕ್ಕ!”

“ಕೊಡ ಯವ್ವಾ” ಎಂದ ದಶರಥ.

“ಏನಂತಿ?”

“ಕೊಡು. ಅವರದ ಅದು.”

ತಾನೇ ಎದ್ದು ಹೋಗಿ ಸತ್ಯವ್ವನ ಮಣ್ಣಿನ ಕೊಡವೊಂದರಲ್ಲಿ ಬಾನಿಯ ನೀರನ್ನೇ ತುಂಬಿ, ಮೀನನ್ನು ಎರಡೂ ಕೈಯಿಂದ ಎತ್ತಿ ಬಿಟ್ಟ. ಕೊಡದ ಬಾಯಿಗೆ ತೆಳು ಅರಿವೆ ಕಟ್ಟಿ, ಗಾಡಿಯಲ್ಲಿ ಹುಲ್ಲು ಹರವಿ ನಡುವೆ ಕೂಡಿಸಿದ. ದಾರಿಯಲ್ಲಿ ಯಾವ ಬಾವಿಯ ನೀರನ್ನೂ ಹಾಕಬೇಡ, ನೆರಳು ಸಿಕ್ಕಲ್ಲಿ ಗಾಡಿ ನಿಲ್ಲಿಸು, ಅರಿವೆಗೆ ಆಗಾಗ ನೀರು ಚಿಮುಕಿಸು ಎಂದೆಲ್ಲ ಹೇಳಿದ. ಗಾಡಿ ಹೊರಟ ಮೇಲೂ ಜೊತೆಗೆ ನಡೆಯುತ್ತ, “ಮಾಲಕರಿಗೆ ಹೇಳು, ದಶರಥ ಆರಾಮ ಮಾಡಿ ಕಳಿಸ್ಯಾನಂತ. ಮರೀಬ್ಯಾಡ” ಎಂದ. ಓಣಿಯ ತಿರುವಿನವರೆಗೆ ಹೋಗಿ ಹಿಂತಿರುಗಿದ.

ಮಡಿ ಅಂಗಿ ಬೆವರಿನಿಂದ ಮೈಗಂಟಿತ್ತು. ಬಾಗಿಲಲ್ಲಿ ನಿಂತೇ ಕೇಳಿದ.

“ಯವ್ವಾ, ನಿನಗ ಮೊದಲ ಗೊತ್ತಿತ್ತಿಲ್ಲೋ?”

ಸತ್ಯವ್ವ ಸುಳ್ಳು ಹೇಳಲಿಲ್ಲ. “ಗೊತ್ತಿತ್ತಪ್ಪಾ. ಹೋಗೂ ದಿನಾನ ಹೇಳಿದ್ದ ಕಾಶಪ್ಪ.”

“ದಿನಾ ಹಿತ್ತಲದಾಗ ನಿಂತು ಒದರತಿದ್ನಲ್ಲ. ಮಂದಿ ನಗತಿದ್ರಲ್ಲ. ಕೇಳಕೋಂತ ಕುಂತಿ ನೀ.”

“ನಿನಗ ಹೇಳಿದ್ರ ನೀ ಅನ್ನ ಬಿಡ್ತಿದ್ದಿ.”

“ಬಿಡ್ತಿದ್ದೆ. ಬಿಟ್ರ ಯಾರದೇನ ಹೋಕ್ಕಿತ್ತು?”

ಅವನು ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡ. ಅವಳು ತಾಟು ಇಟ್ಟು ಬಂದರೆ ಯಾವಾಗಲೋ ಉಂಡು ತಾಟು ತೊಳೆದಿಡುತ್ತಿದ್ದ. ಮಾತಿಲ್ಲ. ಅವಳು ರಾಟಿಯ ಮುಂದೆ ಕೂತರೆ ಎಳೆ ಹರಿಯುತ್ತಿತ್ತು, ಗಂಟು ಹಾಕುತ್ತಿದ್ದಳು, ಮತ್ತೆ ಹರಿಯುತ್ತಿತ್ತು.

ಮುಂದಿನ ಸಂತೆಯಲ್ಲಿ ಅವಳಿಗೆ ಸುದ್ದಿ ಸಿಕ್ಕಿತು. ಹೇಳಿದವನು ಮಹಾಲಿಂಗಪುರದ ಬಳೆಗಾರ. ಗಿರಮಲ್ಲಪ್ಪನ ಗಾಡಿ ಅವರ ಊರು ದಾಟುವ ಹೊತ್ತಿಗೇ ಮೀನು ಸತ್ತು ತೇಲುತ್ತಿತ್ತಂತೆ. ಅವನು ಬೇವಿನ ಮರದ ಕೆಳಗೆ ಗಾಡಿ ನಿಲ್ಲಿಸಿ, ಕೊಡವನ್ನು ಮಗುಚಿ, ತಲೆಗೆ ಕೈ ಹೊತ್ತು ಕೂತಿದ್ದನಂತೆ.

ಸತ್ಯವ್ವ ಕಾಯಿಪಲ್ಲೆ ಕೊಳ್ಳದೆ ಮನೆಗೆ ಬಂದಳು. ಇದನ್ನೂ ನುಂಗಿ ಕೂಡುವುದು ಅವಳಿಂದ ಸಾಧ್ಯವಿರಲಿಲ್ಲ. ಬಾಗಿಲು ನೂಕಿ, ಚೀಲವನ್ನೂ ಇಳಿಸದೆ ಹೇಳಿದಳು.

“ದಶರಥಾ, ಮೀನ ಹಾದ್ಯಾಗ ಸತ್ತಿತಂತಪ್ಪಾ.”

ಅವನು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ತಿರುಗಲಿಲ್ಲ.

“ಸಾಯ್ತೈತಿ ಅಂತ ನನಗ ಗೊತ್ತಿತ್ತ ಯವ್ವಾ” ಎಂದ. “ಕೊಡದಾಗ ಬಿಡೂ ಮುಂದನ ಗೊತ್ತಿತ್ತು.”

“ಮತ್ತ ಯಾಕ ಕೊಟ್ಟಿ?”

“ಮಾಲಕ ಖುಷಿ ಆದಾನು ಅಂದಕೊಂಡೆ. ಪಾತ್ರ ಕೊಡದಿದ್ರೂ ಹೋಗ್ಲಿ, ಬಣ್ಣಾ ಹಚ್ಚಾಕರ, ಸೀರಿ ಉಡಸಾಕರ ಕರದಾನು ಅಂತ. ಒಂದ ಮಾತ ‘ಇಲ್ಲ’ ಅಂದಿದ್ರ ಇಲ್ಲೇ ಇರತಿತ್ತು ಅದು.”

ಅಷ್ಟು ಹೇಳಿ ಅತ್ತ. ಸ್ಟೇಜಿನ ಮೇಲೆ ಅವನು ಅತ್ತರೆ ಮುಂದಿನ ಸಾಲಿನ ಹೆಂಗಸರು ಸೆರಗು ಕಣ್ಣಿಗೊತ್ತುತ್ತಿದ್ದರು. ಇದು ಹಾಗಿರಲಿಲ್ಲ. ಮೂಗು ಬಾಯಿ ಒಂದಾಗಿ, ಗಂಟಲು ಗೊರಗೊರ ಎನ್ನುತ್ತ, ಗಂಡಾಳು ಅಳುವ ಒರಟು ಅಳು. ಸತ್ಯವ್ವ ಹತ್ತಿರ ಕೂತು ಅವನ ಕಾಲಿನ ಮೇಲೆ ಕೈ ಇಟ್ಟಳು.

ಅವನು ಬನಹಟ್ಟಿ ಬಿಟ್ಟು ಹೋಗಲಿಲ್ಲ. ನಾಟಕದವನೆಂದು ತಂದೆ ಹಿಂದೆಯೇ ಹೊರಹಾಕಿದ್ದರಿಂದ ಊರೆಂಬುದು ಅವನಿಗಿರಲಿಲ್ಲ. ಮಳೆಗಾಲ ಹಿಡಿದ ಮೇಲೆ ನೂಲಿನ ವ್ಯಾಪಾರಿ ಪಾರಿಸಪ್ಪನ ಅಂಗಡಿಯಲ್ಲಿ ಲಡಿ ಬಿಚ್ಚಿಕೊಡುವ ಕೆಲಸಕ್ಕೆ ಸೇರಿದ. ಮಾತು ಕಡಿಮೆಯ ಆಳೆಂದು ಪಾರಿಸಪ್ಪನಿಗೂ ಹಿಡಿಸಿದ. ತಲೆಯ ಮೇಲೆ ಕೂದಲು ಮತ್ತೆ ಬಂತು. ಅದನ್ನು ಬೆಳೆಯಗೊಡದೆ ಕತ್ತರಿಸಿಕೊಳ್ಳುತ್ತಿದ್ದ.

ಶ್ರಾವಣದಲ್ಲೊಮ್ಮೆ ಸತ್ಯವ್ವ ನೂಲು ಒಯ್ಯಲು ಅಂಗಡಿಗೆ ಹೋದಾಗ ತೇರದಾಳದ ಹೆಂಗಸೊಬ್ಬಳು, ಮೈಮೇಲೆ ಒಳ್ಳೆಯ ಇಳಕಲ್ಲ ಸೀರೆ, ದಶರಥನ ಮುಖವನ್ನೇ ನೋಡುತ್ತ ನಿಂತಿದ್ದಳು.

“ರಾಣಿ ಪಾರ್ಟ ಮಾಡ್ತಿದ್ದವರು ನೀವ ಅಲ್ಲೇನ್ರಿ? ನಾವು ಚಕ್ಕಡಿ ಕಟಗೊಂಡ ಬಂದು ಮೂರ ಸಲೆ ನೋಡೇವ್ರಿ.”

ದಶರಥ ಕೈಯಲ್ಲಿದ್ದ ಲಡಿಯ ಸಿಕ್ಕು ಬಿಡಿಸುತ್ತಲೇ ಇದ್ದ.

“ಅಲ್ರಿ. ಅಂವ ಬ್ಯಾರೆ” ಎಂದ.

ಆ ಹೆಂಗಸು ಖರೆ ಏನು ಎಂಬಂತೆ ಸತ್ಯವ್ವನ ಕಡೆ ತಿರುಗಿದಳು. ಸತ್ಯವ್ವ ತನ್ನ ನೂಲಿನ ಗಂಟನ್ನು ಕಂಕುಳಿಗೆ ಏರಿಸಿ, ಜಿಟಿಜಿಟಿ ಮಳೆಯಲ್ಲಿ ಮನೆಯ ಹಾದಿ ಹಿಡಿದಳು.