ಕೆಂಪು ಶಾಯಿಯ ಒಂದು ಶಬ್ದ

೧೯೨೬ರಲ್ಲಿ ಲೋಂಡಾದ ಕಾಡಿನಲ್ಲಿ ನಲವತ್ತು ಮತ್ತಿಮರ ಕಡಿಯಲು ಹುಕುಂ ಬಂದಿತ್ತು. ನಬೀಸಾಬ ಮೊದಲನೆಯದನ್ನು ಉರುಳಿಸಿ ಬೆವರು ಒರೆಸಿಕೊಳ್ಳುತ್ತಿದ್ದಾಗ, ಕಾರಕೂನ ಪಾಯಪ್ಪ ಬೆಳಗಾವಿಯ ಕಚೇರಿಯಿಂದ ಬಂದ ಕಾಗದ ಹಿಡಿದು ಏದುಸಿರು ಬಿಡುತ್ತ ಓಡಿಬಂದ. ಅದೇ ಹುಕುಮಿನ ಮೇಲೆ ಅಡ್ಡಲಾಗಿ, ಕೆಂಪು ಶಾಯಿಯಲ್ಲಿ ಒಂದೇ ಒಂದು ಇಂಗ್ಲಿಷ್ ಶಬ್ದವಿತ್ತು.

“ಕ್ಯಾನ್ಸಲ್ ಅಂತ ಬರದಾರ. ಅಂದ್ರ, ಈ ಹುಕುಂ ಹುಟ್ಟೇ ಇಲ್ಲ ಅಂತ ತಿಳೀಬೇಕು,” ಎಂದ ಪಾಯಪ್ಪ.

ನಬೀಸಾಬ ಕೊಡಲಿ ಕೆಳಗಿಟ್ಟು, ಉಳಿದ ಮೂವತ್ತೊಂಬತ್ತು ಮರಗಳನ್ನು ತಲೆಯೆತ್ತಿ ನೋಡಿದ. ಇಪ್ಪತ್ತು ವರ್ಷ ಕಡಿದವನಿಗೆ ಇಂಥದೊಂದು ಶಬ್ದವಿದೆಯೆಂದೇ ಗೊತ್ತಿರಲಿಲ್ಲ. ಕಾಗದವನ್ನು ಎರಡೂ ಕೈಯಿಂದ ಇಸಿದುಕೊಂಡು, ಕಡಿದ ಮರದ ಹಸಿ ಬುಡದ ಮೇಲೆ ಹಾಸಿದ.

“ಸಾಹೇಬ್ರ, ಈ ಮರಕ್ಕೂ ಒಮ್ಮಿ ಓದಿ ಹೇಳ್ರೀ.”