ನಗುವಿಗೆ ವಯಸ್ಸು ಬರೆದವರು

ಹೊಟ್ಟೆ ಹುಣ್ಣಾಗಿಸುವ ಹಾಸ್ಯವನ್ನು ಅವರು ಹಲ್ಲು ಕೀಳಿಸಿಕೊಳ್ಳಲು ಕಾದು ಕುಳಿತವರಂಥ ಮುಖ ಮಾಡಿಕೊಂಡು ನೋಡುತ್ತಿದ್ದರು. ಅದು ಅವರ ಉದ್ಯೋಗ. ದೊಡ್ಡವರಿಗೆಂದೇ ತಯಾರಾದ ಕಿರುಪ್ರಹಸನಗಳ ಕಾರ್ಯಕ್ರಮಗಳು ಪ್ರಸಾರಕ್ಕೆ ಮುನ್ನ ವಾಹಿನಿಯ ಕಚೇರಿಯಲ್ಲಿ ಅವರ ಮೇಜಿಗೆ ಬರುತ್ತಿದ್ದವು. ಹದಿಹರೆಯದವರು ನೋಡಬಹುದೇ, ನೋಡಬಾರದೇ ಎಂದು ಅವರು ಷರಾ ಬರೆಯಬೇಕು. ಮೊಣಕೈ ಸವೆದ ಕಂದು ಕೋಟು, ನೆಲಕ್ಕೆ ಎಲ್ಲಿ ನೋವಾದೀತೋ ಎಂಬಂಥ ಹೆಜ್ಜೆ, ಯಾವ ಮಾತಿಗೂ ಮೊದಲು ‘ಹಾಗಂತ ತಪ್ಪು ಅಂತಲ್ಲ’ ಎಂಬ ಪೀಠಿಕೆ. ನನ್ನ ಪ್ರಹಸನವೊಂದಕ್ಕೆ ‘ಎಳೆಯ ಮಕ್ಕಳೂ ನೋಡಬಹುದು, ಯಾವ ಪರಿಣಾಮವೂ ಆಗದು’ ಎಂದು ಬರೆದ ಪುಣ್ಯಾತ್ಮರು ಅವರೇ. ಅಷ್ಟು ನಿಖರವಾದ ವಿಮರ್ಶೆ ನನಗೆ ಆಮೇಲೆಂದೂ ದೊರೆತಿಲ್ಲ.

ಮನೆಯಲ್ಲಿ ಮಾತ್ರ ಅವರು ಬೇರೆಯೇ ಮನುಷ್ಯ. ಒಬ್ಬಳೇ ಮಗಳು; ಅಪ್ಪ ಮಗಳು ಒಬ್ಬರ ಮುಖ ಒಬ್ಬರು ನೋಡಿದರೆ ಸಾಕು, ಬಿಕ್ಕಳಿಕೆ ಬರುವಷ್ಟು ನಗುತ್ತಿದ್ದರಂತೆ. ಅವಳಿಗೆ ಹದಿನಾಲ್ಕು ತುಂಬಿದಾಗ, ಕಚೇರಿಯಲ್ಲಿ ತೀರ್ಮಾನಕ್ಕೆ ಸಿಗದ ಕಾರ್ಯಕ್ರಮಗಳನ್ನು ಅವರು ಮನೆಗೆ ತಂದು ಅವಳಿಗೇ ತೋರಿಸತೊಡಗಿದರು. ಗಂಡಹೆಂಡಿರ ಗುಟ್ಟಿನ ಮಾತಿಗೆ ಅವಳು ನಕ್ಕರೆ ಅರ್ಥವಾಯಿತು, ಅರ್ಥವಾದರೆ ಬೇಡ. ಸುಮ್ಮನಿದ್ದರೆ ತಲೆಗೆ ಹತ್ತಲಿಲ್ಲ, ಅಪಾಯವಿಲ್ಲ. ಕ್ಯಾಂಟೀನಿನಲ್ಲಿ ಈ ವಿಧಾನವನ್ನು ವಿವರಿಸಿದಾಗ ಭೇಷ್ ಎಂದವನು ನಾನೇ.

ಒಂದು ಸಂಜೆ ಅವಳು ಬಿದ್ದು ಬಿದ್ದು ನಕ್ಕಳು. ಅವರು ಪಕ್ಕದಲ್ಲಿ ಕುಳಿತು ಆ ನಗುವಿನ ಲೆಕ್ಕಕ್ಕೆ ಹಾಳೆಯ ಮೇಲೆ ಪೆನ್ಸಿಲಿನಿಂದ ಒಂದು ಗೀಟು ಎಳೆದರು. ಆ ಗೀಟನ್ನು ಅವಳು ನೋಡಿದಳು. ಅಂದಿನಿಂದ ಎಂಥ ಹಾಸ್ಯ ತಂದರೂ ಕಲ್ಲಿನಂತೆ ಕುಳಿತಳು; ಇವರು ಒಂದಾದ ಮೇಲೊಂದಕ್ಕೆ ‘ನೋಡಬಹುದು’ ಎಂದು ಬರೆಯುತ್ತಾ ಹೋದರು; ಮೇಲಧಿಕಾರಿಗಳು ಇವರ ವಿಶಾಲ ಹೃದಯವನ್ನು ಮೆಚ್ಚಿಕೊಂಡರು.

ಎರಡು ವರ್ಷವಾದ ಮೇಲೆ ಒಂದು ಮಧ್ಯಾಹ್ನ ಅವರು ಬೇಗ ಮನೆಗೆ ಹೋದರೆ, ಕೋಣೆಯೊಳಗೆ ಅವಳೂ ಗೆಳತಿಯೂ ಹಿಂದೆ ಅವರೇ ತೋರಿಸಿದ್ದ ಒಂದು ಕಾರ್ಯಕ್ರಮ ಹಾಕಿಕೊಂಡು ಉರುಳಾಡಿ ನಗುತ್ತಿದ್ದರಂತೆ. ಇವರು ಬಾಗಿಲು ತಳ್ಳಿದೊಡನೆ ನಗು ನಿಂತಿತು. ‘ನನ್ನ ಜೊತೆ ನೋಡಿದಾಗ ನೀನು ಇದಕ್ಕೆ ನಗಲೇ ಇಲ್ಲವಲ್ಲಮ್ಮ’ ಎಂದು ಕೇಳಿದರಂತೆ.

“ಪರೀಕ್ಷೇಲಿ ಯಾರಾದ್ರೂ ನಗ್ತಾರಾ ಅಪ್ಪಾ? ನೀನು ಟಿವಿ ಎಲ್ಲಿ ನೋಡ್ತಿದ್ದೆ, ನನ್ನ ಮುಖ ನೋಡ್ತಿದ್ದೆ.”

ಆಮೇಲೆ ಅವರು ಹಾಳೆ ಪೆನ್ಸಿಲು ಬಿಟ್ಟು ಬರಿಗೈಯಲ್ಲಿ ಅವಳ ಪಕ್ಕ ಕುಳಿತು, ತಾವೇ ಮೊದಲಾಗಿ ಜೋರಾಗಿ ನಗುವುದನ್ನು ಅಭ್ಯಾಸ ಮಾಡಿಕೊಂಡರು. ಅವಳು ಮನೆಗೆ ಬಂದ ಅತಿಥಿಗೆ ನಕ್ಕಂತೆ ನಕ್ಕು, ಓದೋದಿದೆ ಎಂದು ಎದ್ದು ಹೋಗುತ್ತಿದ್ದಳು.

ಇಂಥ ತಂದೆಯರು ಲೋಕದಲ್ಲಿ ಬಹಳ ಮಂದಿ. ಅವರ ವಾತ್ಸಲ್ಯದಲ್ಲಿ ಎಳ್ಳಷ್ಟೂ ಕೊರತೆಯಿಲ್ಲ. ಮಕ್ಕಳಿಗೆ ಏನು ತಾಗೀತೋ ಎಂದು ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಾರೆ, ಜೊತೆಗೆ ಕುಳಿತು ನಗಲೆಂದು ಇದ್ದ ನಾಲ್ಕೇ ನಾಲ್ಕು ವರ್ಷ ಆ ಕಾವಲಿನಲ್ಲೇ ಮುಗಿದುಹೋಗುತ್ತದೆ.