ಜಗಲಿಯ ತಟ್ಟೆ

ನಿಟ್ಟೂರಿನ ನಮ್ಮ ಬೀದಿಯಲ್ಲಿ ಗಂಗರಾಜುವಿನ ಹಿಟ್ಟಿನ ಗಿರಣಿ ಬೆಳಗ್ಗೆ ಎಂಟಕ್ಕೆ ಶುರುವಾಗುತ್ತಿತ್ತು. ಅಷ್ಟರೊಳಗೆ ಗಿರಣಿಯ ಹಿಂದಿನ ಮನೆಯಲ್ಲಿ ಅವನ ಹೆಂಡತಿ ಹೊಂಬಾಳಮ್ಮ ಮುದ್ದೆ ಕಟ್ಟಿ, ಹುರುಳಿಕಾಳಿನ ಸಾರು ಇಳಿಸಿ, ಅತ್ತೆಗೆ ಬಡಿಸಿ ಮುಗಿಸಿರುತ್ತಿದ್ದಳು. ಕುದಿಯುವ ಪಾತ್ರೆಯನ್ನು ಅವಳು ಮಸಿಬಟ್ಟೆಯಿಲ್ಲದೆ ಬರಿಗೈಯಲ್ಲಿ ಒಲೆಯಿಂದ ಎತ್ತಿಡುತ್ತಿದ್ದಳು. ಬಂದ ನೆಂಟರಿಗೆಲ್ಲ ಅತ್ತೆ ಸಿದ್ದಲಕ್ಷ್ಮಮ್ಮ ಅದನ್ನೇ ತೋರಿಸುವರು.

"ನೋಡ್ರವ್ವ, ನನ್ ಸೊಸೆ ಕೈಗೆ ಬಿಸಿನೇ ತಾಗಕಿಲ್ಲ. ಈಗಿನ್ ಹುಡ್ಗೀರು ಕಾಫಿ ಲೋಟ ಹಿಡಿಯಾಕೂ ಬಟ್ಟೆ ಹುಡುಕ್ತವೆ."

ಆ ಮಾತಿಗೆ ನಾನೂ ನಕ್ಕಿದ್ದೇನೆ. ನಾನು ಈ ಊರಿನ ಆಶಾ ಕಾರ್ಯಕರ್ತೆ, ಹೆಸರು ಅರುಣಾ. ಮನೆಮನೆ ಸುತ್ತಿ, ಮೈಮೇಲೆ ಮಚ್ಚೆ ಇದೆಯಾ, ಮುಟ್ಟಿದರೆ ಗೊತ್ತಾಗುತ್ತಾ ಎಂದು ವಿಚಾರಿಸುವುದು ನನ್ನ ಕೆಲಸಗಳಲ್ಲಿ ಒಂದು. ಬಿಸಿ ತಿಳಿಯದ ಕೈಯನ್ನು ಎರಡು ವರ್ಷ ಕಣ್ಣೆದುರೇ ಕಂಡು, ಗಟ್ಟಿಗಿತ್ತಿ ಎಂದು ಹೊಗಳಿ ಎದ್ದು ಬಂದವಳು ನಾನು. ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ. ಆಗಲಿ.

ಹೋದ ವರ್ಷ ಅವಳ ಬಲಗೈಯ ಕಿರುಬೆರಳು ಮತ್ತು ಅದರ ಪಕ್ಕದ ಬೆರಳಿನಲ್ಲಿ ಬೊಬ್ಬೆ ಎದ್ದು ಒಡೆದಿತ್ತು. ಯಾವಾಗ ಸುಟ್ಟಿತು ಎಂದರೆ ಅವಳಿಗೇ ಗೊತ್ತಿಲ್ಲ. ಮೊಣಕೈ ಹತ್ತಿರ ಒಂದು ಮಾಸಲು ಮಚ್ಚೆ, ಬೆನ್ನ ಮೇಲೆ ಆರೇಳು. ಗಂಡಹೆಂಡಿರನ್ನು ಮೊದಲು ಗುಬ್ಬಿಗೆ, ಅಲ್ಲಿಂದ ತುಮಕೂರಿಗೆ ಕರೆದುಕೊಂಡು ಹೋದೆ. ಚರ್ಮದ ಡಾಕ್ಟರು ನೋಡಿ, ಇದು ಕುಷ್ಠ ಎಂದರು. ಹನ್ನೆರಡು ತಿಂಗಳು ತಪ್ಪದೆ ಮಾತ್ರೆ ನುಂಗಿದರೆ ವಾಸಿಯಾಗುತ್ತದೆ. ಮಾತ್ರೆ ಶುರುವಾದ ಮೇಲೆ ಇವರಿಂದ ಯಾರಿಗೂ ಹರಡುವ ಭಯವಿಲ್ಲ, ಎಲ್ಲರ ಜೊತೆ ಕೂತು ಉಣ್ಣಬಹುದು, ಮಕ್ಕಳನ್ನು ಎತ್ತಿಕೊಳ್ಳಬಹುದು ಎಂದು ಗಂಗರಾಜುವಿಗೆ ಬಿಡಿಸಿ ಹೇಳಿದರು. ಅವನು ಎಲ್ಲದಕ್ಕೂ ತಲೆಯಾಡಿಸಿದ. ವಾಪಸು ಬರುವಾಗ ಬಸ್ಸಿನಲ್ಲಿ ಹೆಂಡತಿಯ ಪಕ್ಕ ಜಾಗವಿದ್ದರೂ ಹಿಂದಿನ ಸೀಟಿಗೆ ಹೋಗಿ ಕೂತ.

ಅವತ್ತು ಸಂಜೆಯೇ ಹೊಂಬಾಳಮ್ಮನ ತಟ್ಟೆ ಜಗಲಿಗೆ ಬಂತು. ಅವಳ ಮದುವೆಯಲ್ಲಿ ಅವಳಪ್ಪ ಹೆಸರು ಕೊರೆಸಿ ಕೊಟ್ಟಿದ್ದ ಸ್ಟೀಲ್ ತಟ್ಟೆ ಅದು.

"ನಿನ್ ಹೆಸರೇ ಐತಲ್ಲ, ಬೇರೆ ತಟ್ಟೆ ಜೊತೆ ಬೆರೆಯಾಕಿಲ್ಲ ಬುಡು," ಎಂದರು ಸಿದ್ದಲಕ್ಷ್ಮಮ್ಮ. ನನ್ನ ಕಡೆ ತಿರುಗಿ ಹೇಳಿದರು: "ಗಿರಣಿ ಕಟ್ಟಿಸ್ದಾಗ ನಮ್ ಗಂಗ ಹುತ್ತ ಕೆಡವಿದ್ದ. ನಾಗಪ್ಪ ಸುಮ್ಕಿರ್ತಾನಾ? ನಮ್ಮತ್ತೆ ಕಾಲ್ದಿಂದ್ಲೂ ಈ ಕಾಯ್ಲೆಗೆ ತಟ್ಟೆ ಬೇರೆ, ಲೋಟ ಬೇರೆ, ಮಲಗೋ ಜಾಗ ಬೇರೆ. ನಿಮ್ ಡಾಕ್ಟ್ರು ನೆನ್ನೆ ಮೊನ್ನೆ ಹುಟ್ಟಿದೋನು."

"ಹುತ್ತ ಕೆಡವಿದ್ದು ನಿಮ್ಮ ಮಗ ಅಲ್ವಾ ಅಜ್ಜಿ? ಶಾಪ ಸೊಸೆಗೆ ಯಾಕೆ ಬಂತು?"

"ಮನೆ ಹೆಣ್ಣಿಗೇ ಬರೋದು ಕಣವ್ವ ಅದು."

ನನಗೆ ಮೈಯೆಲ್ಲ ಉರಿದುಹೋಯಿತು. ಗಂಗರಾಜು ನನ್ನನ್ನು ಬಾಗಿಲಾಚೆ ಕರೆದು ತನ್ನ ಭಯ ಹೇಳಿಕೊಂಡ. "ಅರುಣಕ್ಕ, ಊರಿಗೆ ಗೊತ್ತಾದ್ರೆ ನಮ್ಮ ಗಿರಣಿಗೆ ಯಾರು ರಾಗಿ ತರ್ತಾರೆ? ಸುಮ್ನಿದ್ಬಿಡು, ಕೈ ಮುಗೀತೀನಿ." ನಾನು ಸುಮ್ಮನಿದ್ದೆ. ಗುಟ್ಟು ಕಾಯುವುದು ನನ್ನ ಕೆಲಸದ ಧರ್ಮ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ.

ಒಲೆ ಅತ್ತೆಯ ಕೈಗೆ ಹೋಯಿತು. ಮಗಳು ಪ್ರಿಯಾಂಕ ಕುಣಿಗಲ್‌ನಲ್ಲಿ ಗಂಡನ ಮನೆಯಲ್ಲಿದ್ದಳು. ಅವಳಿಗೆ ಫೋನಿನಲ್ಲಿ, ಊರಲ್ಲಿ ಕೇಳಿದವರಿಗೂ, ಬರೀ ಚರ್ಮದ ಅಲರ್ಜಿ ಎಂದಷ್ಟೇ ತಿಳಿಸಿದರು. ಹೊಂಬಾಳಮ್ಮ ಜಗಲಿಯಲ್ಲಿ ಉಂಡು, ಜಗಲಿಯಲ್ಲೇ ಮಲಗಿ, ತನ್ನ ತಟ್ಟೆ, ಲೋಟ, ಚೊಂಬು ತಾನೇ ಬೆಳಗಿಕೊಂಡಳು.

ತಿಂಗಳಿಗೊಮ್ಮೆ ಮಾತ್ರೆಯ ಹೊಸ ಶೀಟು ಕೊಟ್ಟು, ಮೊದಲ ದಿನದ ಮಾತ್ರೆಗಳನ್ನು ನನ್ನೆದುರೇ ನುಂಗಿಸಬೇಕು. ಅಂದು ಅವಳು ತಲೆ ಬಾಚಿ, ಹೂ ಮುಡಿದು ಕಾಯುತ್ತಿದ್ದಳು. ನಾನು ಮಾತ್ರೆ ಬಿಡಿಸಿಕೊಡುವ ಮೊದಲೇ ಮಾತು ಶುರು.

"ಮಾತ್ರೆ ನುಂಗೋದೇನು ಕಷ್ಟ ಇಲ್ಲ ಕಣೇ ಅರುಣ. ಉಣ್ಣೋದೇ ಕಷ್ಟ. ಒಳ್ಗೆ ಅವ್ರು ಮಾತಾಡ್ಕೊಂಡು ಉಣ್ತಿರ್ತಾರೆ. ಇನ್ನೊಂದ್ ಚೂರು ಸಾರು ಬೇಕಾ ಅಂತ ನನ್ನ ಯಾರೂ ಕೇಳಲ್ಲ. ಬೀದಿನಾಯಿ ಬಂದು ಎದ್ರು ಕೂತ್ಕತದೆ, ಅದ್ರ ಜೊತೆ ಮಾತಾಡ್ತೀನಿ. ತಿಂಗ್ಳಿಗೊಂದಿನ ನೀನ್ ಬಂದ್ ಕೂತ್ಕತೀಯಲ್ಲ, ಅದೇ ನಂಗೆ ಹಬ್ಬ."

ಹೊರಡುವಾಗ, ಬಿಸಿಲಲ್ಲಿ ಬಂದಿದೀಯ, ನೀರು ಕುಡಿ ಎಂದು ಚೊಂಬು ಮುಂದಿಡುವಳು. ಈಗ ತಾನೇ ಕುಡಿದು ಬಂದೆ ಅಕ್ಕ ಎನ್ನುತ್ತಿದ್ದೆ. ಪ್ರತಿ ತಿಂಗಳೂ ಅದನ್ನೇ ಎನ್ನುತ್ತಿದ್ದೆ.

ಐದನೇ ತಿಂಗಳ ಹೊತ್ತಿಗೆ ಅವಳ ಮುಖ, ಕೈ ಕಂದುಗಪ್ಪಾದವು, ಚರ್ಮ ಒಣಗಿ ಸಿಪ್ಪೆ ಎದ್ದಿತು. ಮಾತ್ರೆಯಿಂದ ಹೀಗಾಗುತ್ತದೆ, ಮುಗಿದ ಮೇಲೆ ನಿಧಾನಕ್ಕೆ ಬಣ್ಣ ತಿರುಗುತ್ತದೆ ಎಂದು ಮೊದಲೇ ಹೇಳಿದ್ದೆ. ಬೆನ್ನಿನ ಮಚ್ಚೆಗಳು ಮಾಸುತ್ತಿದ್ದವು, ಆದರೆ ಬೆನ್ನನ್ನು ನೋಡುವವರು ಯಾರು? ಅತ್ತೆಗೆ ಕಂಡದ್ದು ಮುಖ. ಕಾಯಿಲೆ ಏರಿತು, ಈ ಹಾಳು ಗುಳಿಗೆಯಿಂದಲೇ ಏರಿತು ಎಂದು ದಿನಾ ಗೊಣಗಾಟ. ಹೊಂಬಾಳಮ್ಮ ಕನ್ನಡಿಯನ್ನು ಗೋಡೆಗೆ ತಿರುಗಿಸಿಟ್ಟು ಮಾತ್ರೆ ನುಂಗಿದಳು.

ಒಂಬತ್ತನೇ ತಿಂಗಳ ಶೀಟು ಹಿಡಿದು ಹೋದ ದಿನ ಜಗಲಿ ಬರಿದಾಗಿತ್ತು. ಒಳಗೆ ಎಳೆಗೂಸು ಅಳುತ್ತಿತ್ತು. ಪ್ರಿಯಾಂಕ ಚೊಚ್ಚಲ ಬಾಣಂತನಕ್ಕೆ ಬಂದು ಹತ್ತು ದಿನವಾಗಿತ್ತಂತೆ. ಹೊಂಬಾಳಮ್ಮ ಗಿರಣಿಯ ಪಕ್ಕದ, ಖಾಲಿ ಚೀಲ ಪೇರಿಸಿಡುವ ಕೋಣೆಯಲ್ಲಿ ಸಿಕ್ಕಳು. ಹಿಟ್ಟಿನ ಧೂಳಿನಲ್ಲಿ, ಗೋಡೆಗೆ ಕಿವಿಯಿಟ್ಟು ಕೂತಿದ್ದಳು.

"ಹೆಣ್ಣು ಕೂಸಂತೆ," ಎಂದಳು. "ಮುಖ ನೋಡಿಲ್ಲ. ನಾನು ನಮ್ಮಣ್ಣನ ಮನೇಗೆ ಹೋಗಿದೀನಿ ಅಂತ ಮಗ್ಳಿಗೆ ಹೇಳವ್ರೆ. ಕೂಲಿ ಹೆಂಗಸೊಬ್ಳು ಬಂದು ನೀರು ಹಾಕ್ತಾಳೆ. ಉಜ್ಜಕ್ಕೇ ಬರಲ್ಲ ಅವ್ಳಿಗೆ, ಅಳುಸ್ತಾಳೆ."

"ಹೋದ ತಿಂಗಳ ಶೀಟು ಎಲ್ಲಕ್ಕ?"

"ಅತ್ತೆ ಕಿತ್ಕೊಂಡವ್ರೆ. ಮುಖ ತಿಳಿಯಾಗೋವರ್ಗೂ ಬೇಡ, ಕೂಸು ನೋಡಕ್ಕೆ ಬರೋರು ಏನಂತಾರೆ ಅಂತ. ಹತ್ತು ದಿನ ಆಯ್ತು."

ಇನ್ನು ಕೆಲವೇ ತಿಂಗಳು, ಈಗ ಬಿಟ್ಟರೆ ಅರ್ಧ ದಾರಿಯಲ್ಲಿ ಬಿಟ್ಟಂತೆ, ಬೆರಳು ಮಡಿಚಿಕೊಂಡು ಹೋಗಬಹುದು, ಹೀಗೆ ನನಗೆ ಬರುವುದನ್ನೆಲ್ಲ ಹೇಳಿದೆ. ಅವಳು ಕೇಳಿಸಿಕೊಂಡಳು. ಆಮೇಲೆ ಚೊಂಬನ್ನು ನನ್ನ ಮುಂದಿಟ್ಟಳು.

"ಮೊದ್ಲು ನೀನ್ ಈ ನೀರು ಕುಡಿ, ಆಮೇಲೆ ನಾನ್ ಮಾತ್ರೆ ನುಂಗ್ತೀನಿ. ಹರಡಲ್ಲ, ಹರಡಲ್ಲ ಅಂತ ಎಲ್ರಿಗೂ ಹೇಳ್ದೆ. ಇಷ್ಟ್ ತಿಂಗ್ಳಲ್ಲಿ ಒಂದಿನಾನೂ ನನ್ ಕೈ ನೀರು ಕುಡೀಲಿಲ್ಲ ನೀನು. ನಂಗೊತ್ತಾಗ್ತಿತ್ತು ಕಣೇ."

ಚೊಂಬು ಎತ್ತಿ ಕುಡಿದೆ. ನೀರು ತಣ್ಣಗಿತ್ತು, ಬೇರೆ ಯಾವುದೇ ಮನೆಯ ನೀರಿನ ಹಾಗೆಯೇ ಇತ್ತು.

ಅವಳು ಮಾತ್ರೆ ನುಂಗಿದಳು. ತನ್ನ ತಟ್ಟೆಯನ್ನು ಸೆರಗಿನಲ್ಲಿ ಒರೆಸಿ, ಕೈಯಲ್ಲಿ ಹಿಡಿದುಕೊಂಡೇ ಹೊರಟಳು. ನಾನು ಚೊಂಬು ಹಿಡಿದು ಹಿಂದೆ ಹೋದೆ.

ಗಿರಣಿಯ ಮುಂದೆ ಮೂವರು ಹೆಂಗಸರು ರಾಗಿ ಇಟ್ಟುಕೊಂಡು ಕೂತಿದ್ದರು. ಹೊಂಬಾಳಮ್ಮ ಅವರ ಎದುರೇ ಹಾದು ಅಡುಗೆಮನೆಗೆ ಹೋಗಿ, ತಟ್ಟೆಯನ್ನು ಸ್ಟ್ಯಾಂಡಿನಲ್ಲಿ ಉಳಿದ ತಟ್ಟೆಗಳ ನಡುವೆ ಸಿಕ್ಕಿಸಿದಳು. ಆಮೇಲೆ ಗಿರಣಿಯ ಮುಂದೆ ಕೂತವರಿಗೂ ಕಾಣುವ ಬಚ್ಚಲಿಗೆ ಬಂದಳು. ಕೂಸಿನ ನೀರಿಗೆ ಹಂಡೆ ಕಾದಿತ್ತು, ಕೂಲಿ ಹೆಂಗಸು ಇನ್ನೂ ಬಂದಿರಲಿಲ್ಲ; ಪ್ರಿಯಾಂಕ ಕೂಸನ್ನು ಎತ್ತಿಕೊಂಡು ಅಜ್ಜಿಯ ಜೊತೆ ನಿಂತಿದ್ದಳು.

"ಅಮ್ಮ, ಯಾವಾಗ್ ಬಂದೆ? ಮುಖ ಯಾಕಿಂಗಾಗೈತೆ?" ಎಂದಳು ಪ್ರಿಯಾಂಕ.

"ಎಲ್ಲೂ ಹೋಗಿರ್ಲಿಲ್ಲ ಕಣವ್ವ. ಇದು ಅಲರ್ಜಿ ಅಲ್ಲ, ಕುಷ್ಠ. ಮಾತ್ರೆ ತಗೋತಾ ಇದೀನಿ. ನಾಕು ತಿಂಗ್ಳಿಗೆ ಮುಗೀತದೆ."

ಗಿರಣಿ ನಿಂತಿತು. ಸಿದ್ದಲಕ್ಷ್ಮಮ್ಮ ಕೂಸಿಗೆ ಅಡ್ಡ ನಿಂತರು. "ಅಲ್ಲೇ ನಿಂತ್ಕೋ. ಕೂಸು ಮುಟ್ಟಿದ್ರೆ ನಾನ್ ಈ ಮನೇಲಿ ಅನ್ನ ಮುಟ್ಟಕಿಲ್ಲ."

"ನಿಮ್ಮಿಷ್ಟ ಅತ್ತೆ," ಎಂದಳು ಹೊಂಬಾಳಮ್ಮ. ದನಿ ಏರಲಿಲ್ಲ. "ಕಾಯ್ಲೆ ನನ್ ಕೈಗ್ ತಾಗೋ ಬಿಸಿ ತಗಂಡೈತೆ, ಅಷ್ಟೇಯ. ಒಲೆ, ಹಾಸಿಗೆ, ಮಗಳು, ಇವನ್ನ ಅದು ಕೇಳ್ಲಿಲ್ಲ, ನೀವು ತಗಂಡ್ರಿ. ಈ ಕೂಸ್ನ ನಾನ್ ಕೊಡಾಕಿಲ್ಲ."

ರಾಗಿ ತಂದಿದ್ದವರಲ್ಲಿ ಒಬ್ಬಳು ಚೀಲ ಎತ್ತಿಕೊಂಡು ಹೊರಟುಹೋದಳು. ಇಬ್ಬರು ಕೂತೇ ಇದ್ದರು. ಗಂಗರಾಜು ಮೈಗೆಲ್ಲ ಹಿಟ್ಟು ಮೆತ್ತಿಕೊಂಡು ಬಾಗಿಲಲ್ಲಿ ನಿಂತವನು, ಹೋದವಳನ್ನು ಕೂಗಿ ಕರೆಯಲಿಲ್ಲ, ಹೆಂಡತಿಯನ್ನು ಗದರಿಸಲೂ ಇಲ್ಲ.

ಹೊಂಬಾಳಮ್ಮ ಬಚ್ಚಲಲ್ಲಿ ಕಾಲು ನೀಡಿ ಕೂತಳು. ಪ್ರಿಯಾಂಕ ನನ್ನ ಮುಖ ನೋಡಿದಳು. ನಾನು ಹೂಂ ಎಂದೆ. ಅವಳು ಒಂದು ಗಳಿಗೆ ತಡೆದಳು, ಸುಳ್ಳು ಹೇಳಲಾರೆ, ತಡೆದಳು. ಆಮೇಲೆ ಅಜ್ಜಿಯನ್ನು ದಾಟಿ ಬಂದು ಕೂಸನ್ನು ಅಮ್ಮನ ಕಾಲ ಮೇಲೆ ಮಲಗಿಸಿದಳು.

ಹೊಂಬಾಳಮ್ಮ ಬಕೆಟ್ಟಿನ ಕಡೆ ಕೈ ಚಾಚಿ, ಮತ್ತೆ ಹಿಂದಕ್ಕೆ ಎಳೆದುಕೊಂಡಳು.

"ಬಿಸಿ ನೀನ್ ನೋಡು ಮಗ," ಎಂದಳು. "ನಂಗೊತ್ತಾಗಲ್ಲ. ಉಜ್ಜೋದು ನಾನ್ ಉಜ್ತೀನಿ."

ಪ್ರಿಯಾಂಕ ನೀರಿಗೆ ಕೈ ಅದ್ದಿದಳು. "ಇನ್ನೊಂದ್ ಚೂರು ತಣ್ಣೀರು ಬೇಕಮ್ಮ."

ನಾನು ಒಳಗಿನ ಕೊಡದ ಹತ್ತಿರ ಹೋಗಲಿಲ್ಲ. ನಾನು ಕುಡಿದು ಹೊಂಬಾಳಮ್ಮನ ಚೊಂಬಿನಲ್ಲಿ ಉಳಿದಿದ್ದ ನೀರನ್ನೇ ಬಕೆಟ್ಟಿಗೆ ಸುರಿದೆ.